ಗಾರ್ಡ್ ಬಿಟ್ಟು ಊರಿಗೆ ಬಂದ ಗರಗಸ: ಓರೆ ಕೊಯ್ತದ ನೂರು ವರ್ಷ

ನಾಲ್ಕೂ ಕಡೆ ಇಳಿಜಾರು ಇರುವ ಹೆಂಚಿನ ಮನೆಯನ್ನು ನೀವು ನೋಡಿರುತ್ತೀರಿ. ಮಾಡಿನ ಮೂಲೆಯಿಂದ ಒಂದು ದಪ್ಪ ಪಕಾಸು ಓರೆಯಾಗಿ ನೆತ್ತಿಗೆ ಹೋಗುತ್ತದೆ. ಅದಕ್ಕೆ ಎಡದಿಂದ, ಬಲದಿಂದ ಚಿಕ್ಕ ಪಕಾಸುಗಳು ಬಂದು ಕೂಡುತ್ತವೆ. ಆ ಚಿಕ್ಕ ಪಕಾಸಿನ ತುದಿಯನ್ನು ಗಮನಿಸಿ. ಅದು ನೇರವಾಗಿ ಕೊಯ್ದ ತುದಿಯಲ್ಲ. ಮಾಡಿನ ಇಳಿಜಾರಿಗೆ ತಕ್ಕಂತೆ ಒಂದು ಓರೆ, ಮೂಲೆಗೆ ತಕ್ಕಂತೆ ಪಕ್ಕಕ್ಕೆ ಇನ್ನೊಂದು ಓರೆ. ಕೂಡುವ ಜಾಗದಲ್ಲಿ ಉಗುರು ತೂರುವಷ್ಟು ಸಂದು ಉಳಿದರೂ ಒಳ್ಳೆಯ ಬಡಗಿಗೆ ಸಮಾಧಾನವಿಲ್ಲ.

ಕೈಗರಗಸದಲ್ಲಿ ಈ ಕೊಯ್ತ ಕಲಿಯಲು ವರ್ಷಗಳೇ ಬೇಕು. ಕರೆಂಟಿನ ಗರಗಸ ಹಿಡಿದವರು ಅದನ್ನೇ ಅರ್ಧ ನಿಮಿಷದೊಳಗೆ ಮುಗಿಸುತ್ತಾರೆ. ಈ ಬದಲಾವಣೆ ಆದದ್ದು ಅಮೆರಿಕದಲ್ಲಿ, 1920ರ ದಶಕದಿಂದ 1950ರ ದಶಕದ ನಡುವೆ. ಆ ಕಥೆಯನ್ನು ಇವತ್ತು ಹೇಳಲು ನಮಗೊಂದು ಕಾರಣವಿದೆ. ಆ ಯಂತ್ರದ ಅರ್ಧ ಭಾಗ ಮಾತ್ರ ನಮ್ಮ ಊರುಗಳ ಬಡಗಿಗಳ ಕೈಗೆ ಬಂದಿದೆ. ವೇಗ ಬಂತು. ಬೆರಳು ಕಾಯುವ ಭಾಗ ಬರಲಿಲ್ಲ.

ಎರಡು ಬಗೆಯ ಓರೆ

ಮೊದಲು ಕೊಯ್ತದ ಲೆಕ್ಕ ತಿಳಿದುಕೊಳ್ಳೋಣ. ಹಲಗೆಯ ಮೇಲೆ ಓರೆಯಾಗಿ ಗೆರೆ ಎಳೆದು, ಬ್ಲೇಡನ್ನು ನೆಟ್ಟಗೆ ಇಟ್ಟು, ಆ ಗೆರೆಯ ಮೇಲೆ ಕೊಯ್ದರೆ ಅದು ಒಂದು ಬಗೆ. ಫೋಟೊ ಫ್ರೇಮಿನ ಮೂಲೆಗಳು ಹೀಗೆ ಕೂಡುತ್ತವೆ. ಇದಕ್ಕೆ ಬಡಗಿಗಳು ಮೈಟರ್ ಎನ್ನುತ್ತಾರೆ. ಗೆರೆ ಹೇಗೇ ಇರಲಿ, ಬ್ಲೇಡನ್ನೇ ಒಂದು ಪಕ್ಕಕ್ಕೆ ವಾಲಿಸಿ ಕೊಯ್ದರೆ ಅದು ಇನ್ನೊಂದು ಬಗೆ. ಇದು ಬೆವೆಲ್. ಎರಡನ್ನೂ ಒಟ್ಟಿಗೆ ಮಾಡಿದರೆ ಮಾಡಿನ ಮೂಲೆಯ ಪಕಾಸಿನ ತುದಿ ಸಿಗುತ್ತದೆ.

ಮೈಟರ್ ಕೈಗರಗಸದಲ್ಲೂ ಕಷ್ಟವಲ್ಲ. ಗೆರೆ ಕಣ್ಣೆದುರಿಗೇ ಇರುತ್ತದೆ. ಬೆವೆಲ್ ಹಾಗಲ್ಲ. ಗರಗಸವನ್ನು ಗಾಳಿಯಲ್ಲಿ ಒಂದೇ ಕೋನಕ್ಕೆ ಹಿಡಿದು, ಪ್ರತಿ ಎಳೆತದಲ್ಲೂ ಅದೇ ಕೋನ ಉಳಿಸಿಕೊಳ್ಳಬೇಕು. ಕೈ ಸ್ವಲ್ಪ ಸಡಿಲವಾದರೆ ಮೇಲ್ಭಾಗ ಸರಿ ಇದ್ದು ಕೆಳಭಾಗ ತಪ್ಪಿರುತ್ತದೆ. ಅದಕ್ಕೇ ಹಳೆಯ ಕಾಲದಲ್ಲಿ ಮೂಲೆ ಪಕಾಸಿನ ಕೆಲಸವನ್ನು ಹಿರಿಯ ಬಡಗಿಯೇ ಮಾಡುತ್ತಿದ್ದುದು. ಹುಡುಗರಿಗೆ ರೀಪು ಕೊಯ್ಯುವ ಕೆಲಸ ಸಿಗುತ್ತಿತ್ತು.

ಗರಗಸ ಗುಂಡಗಾದದ್ದು

ಗುಂಡು ಬ್ಲೇಡಿನ ಗರಗಸ ಹೊಸದೇನಲ್ಲ. ಇಂಗ್ಲೆಂಡಿನ ಸೌತಾಂಪ್ಟನ್ ಊರಿನ ಸ್ಯಾಮ್ಯುಯೆಲ್ ಮಿಲ್ಲರ್ 1777ರಲ್ಲಿ ಪಡೆದ ಪೇಟೆಂಟಿನಲ್ಲೇ ಗುಂಡು ಗರಗಸದ ಉಲ್ಲೇಖವಿದೆ. ಅಮೆರಿಕದಲ್ಲಿ ಇದಕ್ಕೆ ಬೇರೆ ಕಥೆಯೇ ಇದೆ. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಶೇಕರ್ ಎಂಬ ಧಾರ್ಮಿಕ ಪಂಗಡದ ಟ್ಯಾಬಿತಾ ಬ್ಯಾಬಿಟ್ ಎಂಬ ಹೆಂಗಸು, ಇಬ್ಬರು ಗಂಡಸರು ಉದ್ದ ಗರಗಸ ಎಳೆಯುವುದನ್ನು ನೋಡುತ್ತಿದ್ದಳಂತೆ. ಮುಂದಕ್ಕೆ ಎಳೆದಾಗ ಮಾತ್ರ ಮರ ಕೊಯ್ಯುತ್ತದೆ, ಹಿಂದಕ್ಕೆ ಬರುವಾಗ ಶ್ರಮ ವ್ಯರ್ಥ ಎಂದು ಗಮನಿಸಿ, 1813ರ ಸುಮಾರಿಗೆ ಗುಂಡು ಗರಗಸ ಮಾಡಿದಳು ಎನ್ನುತ್ತದೆ ಆ ಕಥೆ. ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಗುಂಡು ಗರಗಸ ಕೆಲಸಕ್ಕೆ ಇಳಿದು ದಶಕಗಳಾಗಿದ್ದವು. ಆದರೆ ಕಥೆಯೊಳಗಿನ ಲೆಕ್ಕ ಸರಿಯಾಗಿಯೇ ಇದೆ. ಗುಂಡು ಬ್ಲೇಡಿಗೆ ವಾಪಸ್ ಬರುವ ಎಳೆತ ಎಂಬುದೇ ಇಲ್ಲ. ಅದು ಸುತ್ತುತ್ತಿರುವಷ್ಟೂ ಹೊತ್ತು ಕೊಯ್ಯುತ್ತಲೇ ಇರುತ್ತದೆ.

ನೂರು ವರ್ಷಕ್ಕೂ ಹೆಚ್ಚು ಕಾಲ ಈ ಗರಗಸ ಮಿಲ್ಲಿನೊಳಗೇ ಉಳಿಯಿತು. ನೀರಿನ ಚಕ್ರ, ಗಾಳಿ, ಹಬೆ, ಯಾವುದರಿಂದ ನಡೆದರೂ ಯಂತ್ರ ದೊಡ್ಡದು. ಮರವೇ ಅದರ ಬಳಿ ಹೋಗಬೇಕಿತ್ತು. ಮಿಲ್ಲಿನಿಂದ ಉದ್ದುದ್ದ ಹಲಗೆ, ತೊಲೆ ಬರುತ್ತಿದ್ದವು. ಮನೆ ಕಟ್ಟುವ ಜಾಗದಲ್ಲಿ ಅಳತೆಗೆ ತಕ್ಕಂತೆ ತುಂಡು ಮಾಡುವುದು, ಓರೆ ಕೊಯ್ಯುವುದು ಎಲ್ಲವೂ ಕೈಗರಗಸದಲ್ಲೇ. ಅಮೆರಿಕದ ಮನೆಗಳು ಬಹುಪಾಲು ಮರದವು. ಗೋಡೆಯ ಚೌಕಟ್ಟೂ ಮರ, ಮಾಡೂ ಮರ. ಒಂದು ಮನೆಗೆ ನೂರಾರು ಕೊಯ್ತ ಬೇಕು. ಅಷ್ಟನ್ನೂ ತೋಳಿನ ಬಲದಲ್ಲಿ ಮಾಡುತ್ತಿದ್ದರು.

ಕಬ್ಬಿನ ಗದ್ದೆಯಿಂದ ಮನೆಯ ಮಾಡಿಗೆ

ಮುಂದಿನ ತಿರುವು ಬಂದದ್ದು ಕಬ್ಬಿನಿಂದ. ಅಮೆರಿಕದ ದಕ್ಷಿಣದಲ್ಲಿ ಲೂಸಿಯಾನ ರಾಜ್ಯವಿದೆ. ಅಲ್ಲಿ ಕಬ್ಬು ಬೆಳೆಯುತ್ತಾರೆ. ನ್ಯೂ ಆರ್ಲಿಯನ್ಸ್ ನಗರದ ಎಡ್ಮಂಡ್ ಮಿಶೆಲ್ ಎಂಬ ಸಂಶೋಧಕ, ಕಬ್ಬು ಕಡಿಯುವವರು ಮಚ್ಚು ಬೀಸಿ ಬೀಸಿ ದಣಿಯುವುದನ್ನು ನೋಡಿ ಮಚ್ಚಿಗೇ ಮೋಟರ್ ಕಟ್ಟುವ ಯೋಚನೆ ಮಾಡಿದನಂತೆ. 1921ರ ಸುಮಾರಿನ ಮಾತು. ಹಾಲಿನ ಪಾನೀಯ ಕಲಕುವ ಯಂತ್ರದಿಂದ ಕಿತ್ತ ಪುಟ್ಟ ಮೋಟರನ್ನು ಮಚ್ಚಿಗೆ ಜೋಡಿಸಿ ಗರಗಸದ ಹಲ್ಲು ಓಡುವಂತೆ ಮಾಡಿದ ಎಂಬುದು ಮುಂದೆ ಆ ಕಂಪನಿಯೇ ಹೇಳಿಕೊಂಡು ಬಂದ ಕಥೆ.

ಸುದ್ದಿ ಪತ್ರಿಕೆಯಲ್ಲಿ ಬಂತು. ಅದನ್ನು ಓದಿದ ಜೋಸೆಫ್ ಸಲಿವನ್ ಎಂಬಾತ ಮಿಶೆಲ್‌ನನ್ನು ಹುಡುಕಿಕೊಂಡು ಹೋದ. ಸಲಿವನ್ ಜಮೀನು ಅಭಿವೃದ್ಧಿಯ ವ್ಯವಹಾರದವನು. ಅವನಿಗೆ ಕಬ್ಬಿನ ಗದ್ದೆಗಿಂತ ಮನೆ ಕಟ್ಟುವ ಜಾಗ ಕಾಣಿಸಿತು. ಇಬ್ಬರೂ ಸೇರಿ 1924ರಲ್ಲಿ ಮಿಶೆಲ್ ಎಲೆಕ್ಟ್ರಿಕ್ ಹ್ಯಾಂಡ್‌ಸಾ ಕಂಪನಿ ಶುರು ಮಾಡಿದರು. ‘ಮಾಡೆಲ್ ಇ’ ಎಂಬ ಗರಗಸ ಹೊರಬಂತು. 1926ರಲ್ಲಿ ಮಿಶೆಲ್ ಬೇರೆ ಸಂಶೋಧನೆಗಳ ಹಿಂದೆ ಹೋದ. ಕಂಪನಿಯ ಹೆಸರು ಸ್ಕಿಲ್‌ಸಾ ಎಂದಾಯಿತು. ಸ್ಕಿಲ್ ಎಂದರೆ ಕುಶಲತೆ. ನಮ್ಮಲ್ಲಿ ಮಣ್ಣು ತೆಗೆಯುವ ಯಾವ ಯಂತ್ರ ಕಂಡರೂ ಜೆಸಿಬಿ ಎನ್ನುವಂತೆ, ಅಮೆರಿಕದಲ್ಲಿ ಕೈಯಲ್ಲಿ ಹಿಡಿಯುವ ಯಾವ ಗುಂಡು ಗರಗಸಕ್ಕೂ ಸ್ಕಿಲ್‌ಸಾ ಎಂಬ ಹೆಸರೇ ನಿಂತುಬಿಟ್ಟಿತು.

ಈ ಗರಗಸದ ಒಳಗೆ ವರ್ಮ್ ಡ್ರೈವ್ ಎಂಬ ವ್ಯವಸ್ಥೆ ಇದೆ. ಮೋಟರಿನ ತುದಿಯಲ್ಲಿ ದಪ್ಪ ಸ್ಕ್ರೂ, ಆ ಸ್ಕ್ರೂಗೆ ಕಚ್ಚಿಕೊಂಡ ಒಂದು ಹಲ್ಲುಗಾಲಿ, ಹಲ್ಲುಗಾಲಿಗೆ ಸೇರಿದ ಬ್ಲೇಡ್. ಮೋಟರ್ ತುಂಬ ಜೋರಾಗಿ ತಿರುಗಿದರೂ ಬ್ಲೇಡಿನ ವೇಗ ಕಡಿಮೆಯಾಗಿ ಬಲ ಹೆಚ್ಚುತ್ತದೆ. ಇನ್ನೊಂದು ಅನುಕೂಲವೂ ಸಿಕ್ಕಿತು. ಮೋಟರ್ ಉದ್ದುದ್ದಕ್ಕೆ ಮಲಗಿರುವುದರಿಂದ ಬ್ಲೇಡನ್ನು ಎಡಗಡೆಗೆ ಇಡಬಹುದು. ಬಲಗೈಯಲ್ಲಿ ಹಿಡಿದವನಿಗೆ ಬ್ಲೇಡೂ ಗೆರೆಯೂ ನೇರವಾಗಿ ಕಾಣುತ್ತವೆ. ಓರೆ ಕೊಯ್ಯುವವನಿಗೆ ಇದು ದೊಡ್ಡ ವಿಷಯ.

1929ರಲ್ಲಿ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್ ಊರಿನ ಪೋರ್ಟರ್-ಕೇಬಲ್ ಕಂಪನಿಯ ಎಂಜಿನಿಯರ್ ಆರ್ಟ್ ಎಮನ್ಸ್ ಇನ್ನೊಂದು ದಾರಿ ಹುಡುಕಿದ. ಮೋಟರನ್ನು ಬ್ಲೇಡಿನ ಪಕ್ಕಕ್ಕೆ ಅಡ್ಡವಾಗಿ ಕೂರಿಸಿದ. ಗರಗಸ ಗಿಡ್ಡವಾಯಿತು, ಹಗುರವಾಯಿತು. ಇವತ್ತು ನಮ್ಮ ಪೇಟೆಗಳಲ್ಲಿ ಸಿಗುವ ಹೆಚ್ಚಿನ ಗುಂಡು ಗರಗಸಗಳು ಈ ಎರಡನೇ ಬಗೆಯವು. 1937ರಲ್ಲಿ ಸ್ಕಿಲ್‌ಸಾ ತಂದ ‘ಮಾಡೆಲ್ 77’ ಮಾತ್ರ ಮೊದಲನೇ ಬಗೆಯದು. ಅದರ ವಂಶದ ಗರಗಸಗಳು ಅಮೆರಿಕದಲ್ಲಿ ಈಗಲೂ ಮಾರಾಟವಾಗುತ್ತಿವೆ.

ಆ ಕಾಲದಲ್ಲಿ ಅಮೆರಿಕದ ಹಳ್ಳಿಗಳಲ್ಲೂ ಕರೆಂಟ್ ಇರಲಿಲ್ಲ ಎಂಬುದನ್ನು ನೆನಪಿಡಿ. 1930ರ ದಶಕದ ನಡುವಿನವರೆಗೆ ಅಲ್ಲಿನ ಹತ್ತು ರೈತರ ಮನೆಗಳಲ್ಲಿ ಒಂದಕ್ಕಷ್ಟೇ ಕರೆಂಟ್ ಬಂದಿತ್ತು. ಹಳ್ಳಿಗೆ ತಂತಿ ಎಳೆಯಲು ಸರ್ಕಾರ 1935ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೇ ಮಾಡಬೇಕಾಯಿತು. ಹಾಗಾಗಿ ಈ ಗರಗಸ ಮೊದಲು ನಗರದ ಆಸ್ತಿ. ಹಳ್ಳಿಯ ಬಡಗಿಯ ಕೈಗೆ ಬರುವ ಹೊತ್ತಿಗೆ ಇನ್ನಷ್ಟು ವರ್ಷಗಳು ಕಳೆದವು.

ಕೋನ ಕೈಯಿಂದ ತಗಡಿಗೆ

ಓರೆ ಕೊಯ್ತವನ್ನು ಬದಲಿಸಿದ್ದು ಮೋಟರ್ ಒಂದೇ ಅಲ್ಲ. ಗರಗಸದ ಕೆಳಗೆ ಚಪ್ಪಟೆ ತಗಡು ಇರುತ್ತದಲ್ಲ, ಬೇಸ್ ಪ್ಲೇಟ್, ಅಸಲಿ ಕರಾಮತ್ತು ಅದರದ್ದು. ಆ ತಗಡು ಮರದ ಮೇಲೆ ಮಟ್ಟಸವಾಗಿ ಕೂರುತ್ತದೆ. ಒಂದು ತಿರುಪನ್ನು ಸಡಿಲ ಮಾಡಿದರೆ ತಗಡಿನ ಮೇಲೆ ಇಡೀ ಗರಗಸ ಪಕ್ಕಕ್ಕೆ ವಾಲುತ್ತದೆ. 10, 22, 30, 45 ಡಿಗ್ರಿ, ಬೇಕಾದ ಗುರುತಿಗೆ ತಂದು ತಿರುಪು ಬಿಗಿದರೆ ಮುಗಿಯಿತು. ಆಮೇಲೆ ಕೋನವನ್ನು ಹಿಡಿದುಕೊಳ್ಳುವ ಕೆಲಸ ಕೈಯದ್ದಲ್ಲ, ತಗಡಿನದ್ದು. ಕೈ ಮಾಡಬೇಕಾದದ್ದು ಗೆರೆಯ ಮೇಲೆ ನೂಕುವುದು ಮಾತ್ರ.

ಮಾಡಿನ ಮೂಲೆಯ ಪಕಾಸಿನಲ್ಲಿ ಇದರ ಚಮತ್ಕಾರ ಕಾಣುತ್ತದೆ. ಮನೆಯ ಮೂಲೆ ಸರಿಯಾಗಿ ಚೌಕವಿದ್ದು, ಎರಡೂ ಕಡೆ ಮಾಡಿನ ಇಳಿಜಾರು ಒಂದೇ ಇದ್ದರೆ, ಮೂಲೆಯ ದಪ್ಪ ಪಕಾಸು ಮೇಲಿನಿಂದ ನೋಡಿದಾಗ 45 ಡಿಗ್ರಿಯಲ್ಲಿ ಇರುತ್ತದೆ. ಅದಕ್ಕೆ ಬಂದು ಕೂಡುವ ಚಿಕ್ಕ ಪಕಾಸಿನ ಪಕ್ಕದ ಮೇಲೆ ತೂಗುಗುಂಡಿನ ಗೆರೆ ಎಳೆಯಿರಿ. ಅಂದರೆ ಪಕಾಸು ಮಾಡಿನಲ್ಲಿ ಕುಳಿತಾಗ ನೆಟ್ಟಗೆ ಕೆಳಕ್ಕೆ ಬೀಳುವ ಗೆರೆ. ಗರಗಸವನ್ನು 45 ಡಿಗ್ರಿಗೆ ವಾಲಿಸಿ ಆ ಗೆರೆಯ ಮೇಲೆ ಕೊಯ್ದರೆ ತುದಿ ಸರಿಯಾಗಿ ಕೂಡುತ್ತದೆ. ಇಳಿಜಾರು ಎಷ್ಟೇ ಇರಲಿ, ವಾಲಿಸುವುದು 45 ಡಿಗ್ರಿಯೇ. ಇಳಿಜಾರು ಬದಲಾದರೆ ಗೆರೆಯ ಓರೆ ಬದಲಾಗುತ್ತದೆ, ಗರಗಸದ ಓರೆ ಬದಲಾಗುವುದಿಲ್ಲ. ಕೈಗೆ ಸಿಗುವ ಹೆಚ್ಚಿನ ಗುಂಡು ಗರಗಸಗಳು ಕಡೇಪಕ್ಷ 45 ಡಿಗ್ರಿಗೆ ವಾಲುವುದು ಎಷ್ಟು ಉಪಯೋಗದ ವಿಷಯ ಎಂದು ಇದರಿಂದ ತಿಳಿಯುತ್ತದೆ.

ಒಂದು ತೊಡಕೂ ಇದೆ. ಸಾಮಾನ್ಯ ಗರಗಸ ಒಂದೇ ಪಕ್ಕಕ್ಕೆ ವಾಲುತ್ತದೆ. ಮೂಲೆಯ ಎಡಕ್ಕೆ ಬರುವ ಪಕಾಸು, ಬಲಕ್ಕೆ ಬರುವ ಪಕಾಸು ಕನ್ನಡಿಯಲ್ಲಿ ಕಂಡಂತೆ ಒಂದಕ್ಕೊಂದು ತಿರುಗುಮುರುಗು. ಅದಕ್ಕೆ ಬಡಗಿಗಳು ಒಂದರ ಗೆರೆಯನ್ನು ಈ ಪಕ್ಕದಲ್ಲಿ, ಜೊತೆಯದರ ಗೆರೆಯನ್ನು ಆಚೆ ಪಕ್ಕದಲ್ಲಿ ಎಳೆದು, ಮರವನ್ನೇ ಮಗುಚಿ ಕೊಯ್ಯುತ್ತಾರೆ.

ಬ್ಲೇಡಿನ ಗಾತ್ರದಲ್ಲೂ ಓರೆಯ ಲೆಕ್ಕ ಅಡಗಿದೆ. ಬ್ಲೇಡ್ ವಾಲಿದರೆ ಅದು ಮರದೊಳಗೆ ಸಾಗಬೇಕಾದ ದಾರಿ ಉದ್ದವಾಗುತ್ತದೆ. 45 ಡಿಗ್ರಿಯಲ್ಲಿ ದಪ್ಪವನ್ನು 1.41ರಿಂದ ಗುಣಿಸಬೇಕು. ಅಮೆರಿಕದಲ್ಲಿ ಎರಡು ಇಂಚು ಎಂದು ಕರೆಯುವ ಹಲಗೆ ಈಗ ನಿಜವಾಗಿ ಒಂದೂವರೆ ಇಂಚು. ಓರೆಯಲ್ಲಿ ಅದು ಸುಮಾರು 2.1 ಇಂಚು ಆಗುತ್ತದೆ. ಅಲ್ಲಿ ಎಲ್ಲೆಡೆ ಕಾಣುವ 7¼ ಇಂಚು ವ್ಯಾಸದ ಬ್ಲೇಡ್ ಅಷ್ಟನ್ನು ಒಂದೇ ಸಲಕ್ಕೆ ದಾಟುತ್ತದೆ. ನಮ್ಮ ಕಡೆ ಪಕಾಸು ಪೂರ್ತಿ ಎರಡು ಇಂಚು ದಪ್ಪವಿದ್ದರೆ ಓರೆಯಲ್ಲಿ 2.8 ಇಂಚು ದಾಟಬೇಕು. ಅದಕ್ಕೆ 7¼ ಇಂಚಿನ ಬ್ಲೇಡೂ ಸಾಲದು. ಈ ಲೆಕ್ಕ ಮುಂದೆ ಮತ್ತೆ ಬರುತ್ತದೆ, ನೆನಪಿಟ್ಟುಕೊಳ್ಳಿ.

ಇನ್ನು ಗೆರೆಯ ವಿಷಯ. ಹಿಂದೆ ಬಡಗಿಗಳು ದೊಡ್ಡ ಮೂಲೆಮಟ್ಟ ಇಟ್ಟು, ಇಳಿಜಾರಿನ ಲೆಕ್ಕ ಹಾಕಿ ಗೆರೆ ಎಳೆಯುತ್ತಿದ್ದರು. 1925ರಲ್ಲಿ ಆಲ್ಬರ್ಟ್ ಸ್ವಾನ್ಸನ್ ಎಂಬ ಅಮೆರಿಕದ ಬಡಗಿ ತ್ರಿಕೋನದ ಒಂದು ಪುಟ್ಟ ಮಟ್ಟ ಮಾಡಿದ. ಅದರ ಹೆಸರು ಸ್ಪೀಡ್ ಸ್ಕ್ವೇರ್. ಒಂದು ಅಂಚಿನಲ್ಲಿ ದಪ್ಪ ತುಟಿ ಇದೆ. ಅದನ್ನು ಮರದ ಅಂಚಿಗೆ ಸಿಕ್ಕಿಸಿ, ಮೂಲೆಯನ್ನು ಆಧಾರವಾಗಿ ಇಟ್ಟು ತಿರುಗಿಸಿದರೆ ಬೇಕಾದ ಡಿಗ್ರಿಗೆ ಗೆರೆ ಎಳೆಯಬಹುದು. ಗಟ್ಟಿಯಾಗಿ ಒತ್ತಿ ಹಿಡಿದರೆ ಅದೇ ಗರಗಸಕ್ಕೆ ಹಳಿಯೂ ಆಗುತ್ತದೆ. ಬೇಸ್ ಪ್ಲೇಟಿನ ಅಂಚು ಅದಕ್ಕೆ ತಾಗಿಕೊಂಡು ಸಾಗುತ್ತದೆ. ಗರಗಸ ಬಂದ ಮಾರನೇ ವರ್ಷವೇ ಈ ಮಟ್ಟವೂ ಬಂತು. ಲೆಕ್ಕ ಬಾರದವನೂ ಓರೆ ಕೊಯ್ಯಬಲ್ಲ ಎಂಬ ಕಾಲ ಹತ್ತಿರವಾಯಿತು.

ಸಾವಿರಗಟ್ಟಲೆ ಮನೆ, ಒಂದೇ ಓರೆ

1945ರಲ್ಲಿ ಎರಡನೇ ಮಹಾಯುದ್ಧ ಮುಗಿಯಿತು. ಲಕ್ಷಾಂತರ ಸೈನಿಕರು ಮನೆಗೆ ಮರಳಿದರು. ಅವರಿಗೆ ಓದಲು, ಮನೆ ಕೊಳ್ಳಲು ನೆರವಾಗುವ ಕಾನೂನು 1944ರಲ್ಲೇ ಬಂದಿತ್ತು. ಮದುವೆಗಳಾದವು, ಮಕ್ಕಳಾದವು, ಮನೆಗಳು ಸಾಲಲಿಲ್ಲ. ನ್ಯೂಯಾರ್ಕ್ ನಗರದ ಹೊರಗೆ ಲೆವಿಟ್‌ಟೌನ್ ಎಂಬಲ್ಲಿ 1947ರಿಂದ 1951ರೊಳಗೆ 17,447 ಮನೆಗಳು ಎದ್ದವು. ದೇಶದ ಇನ್ನೊಂದು ತುದಿಯ ಕ್ಯಾಲಿಫೋರ್ನಿಯಾದಲ್ಲಿ ಲೇಕ್‌ವುಡ್ ಎಂಬ ಬಡಾವಣೆಗೆ 1950ರಲ್ಲಿ ಕೈ ಹಾಕಿ, ಮೂರು ವರ್ಷದಲ್ಲಿ ಸುಮಾರು 17,500 ಮನೆ ಕಟ್ಟಿದರು.

ಕೈಗರಗಸ ನಂಬಿಕೊಂಡು ಇಷ್ಟು ಕಟ್ಟಲು ಆಗುತ್ತಿರಲಿಲ್ಲ. ಒಂದೇ ನಕ್ಷೆಯ ಮನೆಗಳು, ಒಂದೇ ಇಳಿಜಾರು. ಅಂದರೆ ಸಾವಿರಾರು ಪಕಾಸುಗಳಿಗೆ ಒಂದೇ ಓರೆ. ಕ್ಯಾಲಿಫೋರ್ನಿಯಾದ ಬಡಗಿಗಳು ಪಕಾಸುಗಳನ್ನು ಪಕ್ಕಪಕ್ಕದಲ್ಲಿ ಸಾಲಾಗಿ ನಿಲ್ಲಿಸಿ, ಎಲ್ಲದರ ಮೇಲೂ ಒಂದೇ ಗೆರೆ ಎಳೆದು, ಗರಗಸವನ್ನು ವಾಲಿಸಿ, ಇಡೀ ಸಾಲನ್ನು ಒಂದೇ ಓಟದಲ್ಲಿ ಕೊಯ್ಯುವ ವಿಧಾನ ರೂಢಿಸಿಕೊಂಡರು. ಗೋಡೆಯ ಮೇಲೆ ಪಕಾಸು ಕೂರಲು ಬೇಕಾದ ಕಚ್ಚನ್ನೂ ಹೀಗೇ ಸಾಲಾಗಿ ತೆಗೆಯುತ್ತಿದ್ದರು. ಅದಕ್ಕೆ 45 ಡಿಗ್ರಿ ಸಾಲದು. ಅದಕ್ಕಿಂತ ಹೆಚ್ಚು ವಾಲುವ ಬೇಸ್ ಪ್ಲೇಟುಗಳೂ ಬಂದವು.

ಆ ಪೀಳಿಗೆಯ ಒಬ್ಬ ಬಡಗಿಯ ಹೆಸರು ಲ್ಯಾರಿ ಹಾನ್. 1931ರಲ್ಲಿ ನೆಬ್ರಾಸ್ಕ ರಾಜ್ಯದ ಹಳ್ಳಿಗಾಡಿನಲ್ಲಿ ಹುಟ್ಟಿ, ಮುಂದೆ ಲಾಸ್ ಏಂಜಲೀಸ್ ಕಡೆಗೆ ಬಂದು ಅಣ್ಣತಮ್ಮಂದಿರ ಜೊತೆ ಮನೆಗಳ ಚೌಕಟ್ಟು ಕಟ್ಟಿದವರು. ತಾವು ಕಲಿತ ಕ್ರಮವನ್ನು ಹೊಸಬರಿಗೆ ಕಲಿಸಿದರು. 1992ರಲ್ಲಿ ಪುಸ್ತಕ ಬರೆದರು, ವಿಡಿಯೊಗಳಲ್ಲೂ ತೋರಿಸಿದರು. 2011ರಲ್ಲಿ ತೀರಿಕೊಂಡರು. ಅವರ ವಿಡಿಯೊಗಳನ್ನು ಇವತ್ತೂ ಜನ ನೋಡುತ್ತಾರೆ. ಅಲ್ಲಿ ಕಾಣುವುದು ಆತುರವಲ್ಲ. ಒಂದು ಚಲನೆಯೂ ವ್ಯರ್ಥವಾಗದ ಕೆಲಸ.

ಯಂತ್ರ ಬಂದ ಮೇಲೆ ಕುಶಲತೆ ಸತ್ತಿತು ಎಂದು ಸುಲಭವಾಗಿ ಹೇಳಿಬಿಡುತ್ತಾರೆ. ನಮಗೆ ಹಾಗೆ ಅನ್ನಿಸುವುದಿಲ್ಲ. ಕೋನ ಹಿಡಿಯುವ ಕುಶಲತೆ ಕೈಯಿಂದ ತಗಡಿಗೆ ಹೋಯಿತು, ಅದು ನಿಜ. ಆದರೆ ಯಾವ ಪಕ್ಕದಲ್ಲಿ ಗೆರೆ ಎಳೆಯಬೇಕು, ಬ್ಲೇಡಿನ ದಪ್ಪವನ್ನು ಗೆರೆಯ ಯಾವ ಬದಿಗೆ ಬಿಡಬೇಕು, ಕೊಯ್ದ ತುಂಡು ಯಾವ ಕಡೆ ಬೀಳುತ್ತದೆ ಎಂಬುದನ್ನು ತಗಡು ಹೇಳಿಕೊಡುವುದಿಲ್ಲ. ಜೊತೆಗೆ ಹೊಸದೊಂದು ಕುಶಲತೆಯೂ ಬೇಕಾಯಿತು. ನಿಮಿಷಕ್ಕೆ ಸುಮಾರು 5,000 ಸುತ್ತು ತಿರುಗುವ ಹಲ್ಲನ್ನು ಮೈಗೆ ತಾಗದಂತೆ ನಡೆಸುವುದು.

ಓರೆಯಲ್ಲೇ ಗಾರ್ಡಿಗೆ ಪರೀಕ್ಷೆ

ಗುಂಡು ಗರಗಸಕ್ಕೆ ಎರಡು ಗಾರ್ಡ್ ಇರುತ್ತವೆ. ಮೇಲಿನದು ಕದಲುವುದಿಲ್ಲ. ಕೆಳಗಿನದು ಸ್ಪ್ರಿಂಗ್ ಮೇಲೆ ಕೂತಿದೆ. ಗರಗಸ ಮುಂದೆ ಹೋದಂತೆ ಮರದ ಅಂಚು ಅದನ್ನು ಹಿಂದಕ್ಕೆ ತಳ್ಳುತ್ತದೆ. ಮರ ಮುಗಿದ ಕೂಡಲೇ ಸ್ಪ್ರಿಂಗ್ ಎಳೆದು ಬ್ಲೇಡನ್ನು ಮುಚ್ಚುತ್ತದೆ. ಸ್ವಿಚ್ ಬಿಟ್ಟ ಮೇಲೂ ಬ್ಲೇಡ್ ಕೆಲವು ಕ್ಷಣ ತಿರುಗುತ್ತಿರುತ್ತದೆ. ಕೆಲಸ ಮುಗಿಯಿತೆಂದು ಗರಗಸವನ್ನು ಕೆಳಗಿಡುವ, ತೊಡೆಯ ಪಕ್ಕಕ್ಕೆ ತರುವ ಆ ಕೆಲವು ಕ್ಷಣಗಳಲ್ಲಿ ಕಾಯುವುದು ಕೆಳಗಿನ ಗಾರ್ಡ್.

ನೇರ ಕೊಯ್ತದಲ್ಲಿ ಗಾರ್ಡ್ ಸಲೀಸಾಗಿ ಸರಿಯುತ್ತದೆ. ಓರೆಯಲ್ಲಿ ಸರಿಯುವುದಿಲ್ಲ. ಗರಗಸ ವಾಲಿದಾಗ ಗಾರ್ಡಿನ ತುದಿ ಮರದ ಅಂಚಿಗೆ ಸೊಟ್ಟಗೆ ತಾಗಿ ಸಿಕ್ಕಿಕೊಳ್ಳುತ್ತದೆ. ನೂಕಿದರೂ ಮುಂದೆ ಹೋಗುವುದಿಲ್ಲ. ಆಗ ಬಡಗಿಗೆ ಸಿಟ್ಟು ಬರುತ್ತದೆ. ಒಂದು ಮರದ ಚೂರು ಸಿಕ್ಕಿಸಿಯೋ, ತಂತಿ ಕಟ್ಟಿಯೋ ಗಾರ್ಡನ್ನು ತೆರೆದೇ ಇಡುವ ಕೆಟ್ಟ ಅಭ್ಯಾಸ ಅಮೆರಿಕದ ಕಟ್ಟಡದ ಕೆಲಸದಲ್ಲೂ ಇತ್ತು.

ಅಲ್ಲಿ 1970ರಲ್ಲಿ ಕೆಲಸದ ಜಾಗದ ಸುರಕ್ಷತೆಗೆ ಕಾಯ್ದೆ ಬಂತು. 1971ರಲ್ಲಿ ಓಶಾ ಎಂಬ ಸರ್ಕಾರಿ ಸಂಸ್ಥೆ ಕೆಲಸ ಶುರು ಮಾಡಿತು. ಅದರ ನಿಯಮಗಳಲ್ಲಿ ಕೈಯಲ್ಲಿ ಹಿಡಿಯುವ ಗುಂಡು ಗರಗಸದ ಬಗ್ಗೆಯೇ ಪ್ರತ್ಯೇಕ ಮಾತಿದೆ. ಬೇಸ್ ಪ್ಲೇಟಿನ ಮೇಲೂ ಕೆಳಗೂ ಗಾರ್ಡ್ ಇರಲೇಬೇಕು. ಮರದಿಂದ ಹೊರಬಂದ ಕೂಡಲೇ ಕೆಳಗಿನ ಗಾರ್ಡ್ ತಾನಾಗಿಯೇ ಮುಚ್ಚಬೇಕು. ಬೆವೆಲ್ ಕೊಯ್ಯಲು ಬೇಸ್ ವಾಲಬೇಕಲ್ಲ, ಅದಕ್ಕೆ ಬೇಕಾದಷ್ಟು ಮಾತ್ರ ಮೇಲಿನ ಗಾರ್ಡಿನಲ್ಲಿ ಜಾಗ ಬಿಡಬಹುದು, ಅದಕ್ಕಿಂತ ಹೆಚ್ಚಿಲ್ಲ. ಓರೆ ಕೊಯ್ತಕ್ಕೆ ಎಷ್ಟು ರಿಯಾಯಿತಿ ಎಂಬುದನ್ನೂ ನಿಯಮವೇ ಲೆಕ್ಕ ಹಾಕಿ ಕೊಟ್ಟಿದೆ. ಇನ್ನೊಂದು ಮಾತೂ ಇದೆ. ಬೆರಳು ತೆಗೆದರೆ ನಿಲ್ಲುವ ಸ್ವಿಚ್ಚೇ ಇರಬೇಕು. ಒಮ್ಮೆ ಒತ್ತಿ ಲಾಕ್ ಮಾಡಿ ಬಿಡುವ ಸ್ವಿಚ್ ಇದಕ್ಕೆ ಸಲ್ಲದು.

ತಯಾರಕರೂ ಗಾರ್ಡಿನ ತುದಿಯ ಆಕಾರ ತಿದ್ದಿದರು, ಓರೆಯಲ್ಲಿ ಸಿಕ್ಕಿಕೊಳ್ಳದಂತೆ ಮಾಡಲು ನೋಡಿದರು. ಗಾರ್ಡ್ ಎತ್ತಲು ಒಂದು ಪುಟ್ಟ ಹಿಡಿ ಕೊಟ್ಟರು. ಓರೆ ಕೊಯ್ತ ಶುರು ಮಾಡುವಾಗ ಆ ಹಿಡಿಯಿಂದ ಗಾರ್ಡನ್ನು ಸ್ವಲ್ಪ ಎತ್ತಿ, ಬ್ಲೇಡ್ ಮರದೊಳಗೆ ಹೋದ ಕೂಡಲೇ ಬಿಟ್ಟುಬಿಡಬೇಕು. ಉಳಿದದ್ದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಕಟ್ಟಿಹಾಕುವ ಅಗತ್ಯವೇ ಇಲ್ಲ.

ನಮ್ಮೂರಿಗೆ ಬಂದದ್ದು ಯಾವುದು?

ಈಗ ನಮ್ಮ ಕಡೆಗೆ ಬರೋಣ. ಊರಿನಲ್ಲಿ ಬಾಗಿಲು, ಕಿಟಕಿ, ಮಾಡಿನ ಕೆಲಸ ನಡೆಯುವ ಜಾಗಕ್ಕೆ ಹೋಗಿ ನೋಡಿ. ಎಷ್ಟೋ ಕಡೆ ಮರ ಕೊಯ್ಯುತ್ತಿರುವುದು ಗುಂಡು ಗರಗಸವೇ ಅಲ್ಲ. ಅದು ನಾಲ್ಕು ಇಂಚಿನ ಮಾರ್ಬಲ್ ಕಟ್ಟರ್. ಕಲ್ಲು, ಟೈಲ್ಸ್ ಕೊಯ್ಯಲೆಂದು ಮಾಡಿದ ಯಂತ್ರ. ಅದರ ವಜ್ರದ ಬ್ಲೇಡ್ ಬಿಚ್ಚಿ, ಹಲ್ಲಿರುವ ಮರದ ಬ್ಲೇಡ್ ಹಾಕಿರುತ್ತಾರೆ. ಬೆಲೆ ಕಡಿಮೆ, ಹಗುರ, ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ, ಟೈಲ್ಸ್ ಕೆಲಸಕ್ಕೂ ಆಯಿತು, ಮರದ ಕೆಲಸಕ್ಕೂ ಆಯಿತು. ಹಾಗಾಗಿ ಜನ ಅದನ್ನೇ ಹಿಡಿದಿದ್ದಾರೆ. ಅದು ಅವರ ದಡ್ಡತನವಲ್ಲ. ಕೈಯಲ್ಲಿರುವ ದುಡ್ಡಿನ ಲೆಕ್ಕ.

ಆದರೆ ಈ ಬದಲಿಯಲ್ಲಿ ಏನು ಕಳೆದುಹೋಯಿತು ನೋಡಿ.

ಒಂದು, ಕೆಳಗಿನ ಗಾರ್ಡ್. ಮಾರ್ಬಲ್ ಕಟ್ಟರಿಗೆ ಅದು ಇಲ್ಲವೇ ಇಲ್ಲ. ಕಲ್ಲು ಕೊಯ್ಯುವ ವಜ್ರದ ಬ್ಲೇಡಿಗೆ ಹಲ್ಲಿಲ್ಲ, ಅದು ಉಜ್ಜಿ ಸವೆಸುತ್ತದೆ. ಮರದ ಬ್ಲೇಡಿಗೆ ಹಲ್ಲಿದೆ, ಅದು ಹಿಡಿದು ಎಳೆಯುತ್ತದೆ. ಹಲ್ಲಿಲ್ಲದ ಬ್ಲೇಡಿಗೆಂದು ಮಾಡಿದ ಮೈಯೊಳಗೆ ಹಲ್ಲಿರುವ ಬ್ಲೇಡ್ ಕೂರಿಸಿದಂತಾಯಿತು.

ಎರಡು, ಸ್ವಿಚ್. ಹೆಚ್ಚಿನ ಕಟ್ಟರುಗಳಲ್ಲಿ ಒತ್ತಿ ಲಾಕ್ ಮಾಡುವ ಗುಂಡಿ ಇರುತ್ತದೆ. ಕೈ ಜಾರಿದರೂ ಯಂತ್ರ ನಿಲ್ಲುವುದಿಲ್ಲ. ನೆಲಕ್ಕೆ ಬಿದ್ದ ಮೇಲೂ ತಿರುಗುತ್ತಲೇ ಇರುತ್ತದೆ.

ಮೂರು, ವೇಗ. ಕಟ್ಟರ್ ನಿಮಿಷಕ್ಕೆ 12,000 ಸುತ್ತಿನ ಆಸುಪಾಸು ತಿರುಗುತ್ತದೆ, ಗುಂಡು ಗರಗಸದ ಎರಡು ಪಟ್ಟಿಗಿಂತ ಹೆಚ್ಚು. ಹಾಕಿದ ಬ್ಲೇಡಿನ ಮೇಲೆ ಬರೆದಿರುವ ಗರಿಷ್ಠ ವೇಗ ಅದಕ್ಕಿಂತ ಕಡಿಮೆ ಇದ್ದರೆ ಹಲ್ಲು ಹಾರುವ ಅಪಾಯವಿದೆ.

ನಾಲ್ಕು, ಆಳ. ನಾಲ್ಕು ಇಂಚಿನ ಕಟ್ಟರ್ ನೇರವಾಗಿ ಕೊಯ್ದರೂ ಸುಮಾರು 34 ಮಿಲಿಮೀಟರ್ ಆಳಕ್ಕೆ ಹೋಗುತ್ತದೆ, ಅಂದರೆ ಒಂದೂವರೆ ಇಂಚಿಗೂ ಕಡಿಮೆ. ಓರೆ ಮಾಡಿದರೆ ಇನ್ನೂ ಕಡಿಮೆ. ಮೇಲೆ ಹೇಳಿದ ಲೆಕ್ಕ ಇಲ್ಲಿ ಬಂತು. ಎರಡು ಇಂಚಿನ ಪಕಾಸಿನ ಓರೆ ಅದಕ್ಕೆ ಒಂದೇ ಸಲಕ್ಕೆ ಸಾಧ್ಯವಿಲ್ಲ. ಆಗ ಬೇಸ್ ಪ್ಲೇಟ್ ಬಿಚ್ಚಿ, ಕಟ್ಟರನ್ನು ಗಾಳಿಯಲ್ಲಿ ಓರೆ ಹಿಡಿದು, ಮರವನ್ನು ಕಾಲಿನಿಂದ ಒತ್ತಿ, ಎರಡು ಮೂರು ಕಡೆಯಿಂದ ಕೊಯ್ಯುತ್ತಾರೆ. ಕೈಗರಗಸದ ಕಾಲದಲ್ಲಿ ಕೋನ ಕೈಯಲ್ಲಿತ್ತು. ಈಗ ಮತ್ತೆ ಕೈಗೇ ಬಂದಿದೆ. ಆಗ ಕೈ ತಪ್ಪಿದರೆ ಮರ ಹಾಳಾಗುತ್ತಿತ್ತು. ಈಗ ಕೈ ತಪ್ಪಿದರೆ ಕೈಯೇ ಹೋಗುತ್ತದೆ.

ಓರೆಯಲ್ಲಿ ಯಂತ್ರ ಒದೆಯುವುದೂ ಹೆಚ್ಚು. ಬ್ಲೇಡ್ ತಾನು ಕೊಯ್ದ ಸಂದಿನಲ್ಲಿ ಒಂದೇ ನೇರಕ್ಕೆ ಸಾಗಬೇಕು. ಕೈ ಸ್ವಲ್ಪ ತಿರುಚಿದರೂ ಸಂದು ಬ್ಲೇಡನ್ನು ಹಿಡಿಯುತ್ತದೆ. ಹಿಡಿದ ಬ್ಲೇಡ್ ಯಂತ್ರವನ್ನೇ ಹಿಂದಕ್ಕೆ, ಹಿಡಿದವನ ಕಡೆಗೆ ಎಸೆಯುತ್ತದೆ. ಬೇಸ್ ಪ್ಲೇಟ್ ಮರದ ಮೇಲೆ ಕೂತಿದ್ದರೆ ತಿರುಚುವ ಸಂಭವ ಕಡಿಮೆ. ಅದನ್ನು ಬಿಚ್ಚಿದರೆ ತಡೆಯಲು ಏನೂ ಇಲ್ಲ.

ಖರೀದಿಗೆ ಮೊದಲು

ಊರಿನ ಬಡಗಿಗಳಿಗೆ ಈಗ ಒಂದು ಅವಕಾಶವೂ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ ಬಡಗಿತನವೂ ಸೇರಿ 18 ಕಸುಬುಗಳಿವೆ. ಕೆಲವು ದಿನದ ತರಬೇತಿ, 15,000 ರೂಪಾಯಿವರೆಗಿನ ಟೂಲ್‌ಕಿಟ್ ನೆರವು ಅದರಲ್ಲಿದೆ. ಆ ದುಡ್ಡಿನಲ್ಲಾಗಲಿ, ಸ್ವಂತ ದುಡ್ಡಿನಲ್ಲಾಗಲಿ ಯಂತ್ರ ಕೊಳ್ಳುವವರು ಮರ ಕೊಯ್ಯುವ ಕೆಲಸಕ್ಕೆ ಮರ ಕೊಯ್ಯುವ ಗರಗಸವನ್ನೇ ಕೇಳಿ. ತರಬೇತಿಗೆ ಹೋದವರು ಓರೆ ಕೊಯ್ತವನ್ನು ಗಾರ್ಡ್ ಸಮೇತ ತೋರಿಸಿ ಎಂದು ಕೇಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ಗರಗಸ ಇದ್ದವರಿಗೆ ನಾಲ್ಕು ಮಾತು. ಬ್ಲೇಡಿನ ಆಳವನ್ನು ಮರದ ದಪ್ಪಕ್ಕಿಂತ ಒಂದೆರಡು ನೂಲು ಹೆಚ್ಚು ಇಡಿ, ಪೂರ್ತಿ ಇಳಿಸಬೇಡಿ. ಓರೆಗೆ ವಾಲಿಸಿದ ಮೇಲೆ ಆಳವನ್ನು ಇನ್ನೊಮ್ಮೆ ನೋಡಿ. ಮರವನ್ನು ಕಾಲಿನಿಂದ ಅಲ್ಲ, ಕ್ಲಾಂಪಿನಿಂದ ಬಿಗಿಯಿರಿ, ಕೊಯ್ದ ತುಂಡು ತಾನಾಗಿ ಕೆಳಗೆ ಬೀಳುವಂತೆ ಇಡಿ. ಒಂದೇ ಸಲಕ್ಕೆ ದಾಟದಷ್ಟು ದಪ್ಪವಿದ್ದರೆ ಉಳಿದದ್ದನ್ನು ಕೈಗರಗಸದಲ್ಲಿ ಮುಗಿಸಿ. ಗರಗಸ ತೆಗೆದ ಸಂದೇ ಕೈಗರಗಸಕ್ಕೆ ದಾರಿ ತೋರಿಸುತ್ತದೆ.

ಅಂಗಡಿಯಲ್ಲಿ ವ್ಯಾಟ್ ಎಷ್ಟು, ಬೆಲೆ ಎಷ್ಟು ಎಂದು ಕೇಳುವ ಮೊದಲು ಯಂತ್ರದ ಪ್ಲಗ್ ಹಾಕದೆ ಕೈಗೆ ತೆಗೆದುಕೊಳ್ಳಿ. ಕೆಳಗಿನ ಗಾರ್ಡನ್ನು ಹಿಡಿಯಿಂದ ಎತ್ತಿ, ಬಿಡಿ. ಬೇಸನ್ನು 45 ಡಿಗ್ರಿಗೆ ವಾಲಿಸಿ, ಮತ್ತೊಮ್ಮೆ ಎತ್ತಿ, ಬಿಡಿ. ಎರಡು ಸಲವೂ ಟಪ್ಪೆಂದು ಮುಚ್ಚಿಕೊಂಡರೆ ಆಮೇಲೆ ಬೆಲೆ ಮಾತಾಡಿ.